ಡಿವೋರ್ಸ್ ಆಯಿತು, ಸಾಲದಲ್ಲಿ ನನ್ನ ಹೆಸರು ಹಾಗೇ ಉಳಿಯಿತು

ಡಿವೋರ್ಸ್ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ದಯವಿಟ್ಟು ಇದನ್ನು ಓದಿ.

ನಾವಿಬ್ಬರೂ ಜಗಳ ಆಡದೆ ಬೇರೆಯಾದೆವು. ಒಂದು ಸಂಜೆ ನೋಟ್‌ಬುಕ್ ಇಟ್ಟುಕೊಂಡು ಕೂತು, ಹಾಳೆಯ ನಡುವೆ ಗೆರೆ ಎಳೆದು, ಒಂದೊಂದೇ ಬರೆಯುತ್ತಾ ಹೋದೆವು. ಮನೆ ಅವರಿಗೆ, ಮನೆ ಸಾಲವೂ ಅವರಿಗೆ. ಕಾರು ನನಗೆ. ಕರೆಂಟು, ನೀರು, ಇಂಟರ್ನೆಟ್ ಬಿಲ್ಲು ಮನೆಯಲ್ಲಿ ಇರುವವರದ್ದು. ವಕೀಲರು ಅದನ್ನೇ ಒಪ್ಪಂದದಲ್ಲಿ ಬರೆದರು, ಕೋರ್ಟೂ ಒಪ್ಪಿತು. ಮನೆಯಲ್ಲಿದ್ದ ನನ್ನ ಪಾಲನ್ನು ಅವರ ಹೆಸರಿಗೆ ಬರೆದುಕೊಟ್ಟೆ. ಎಲ್ಲ ಮುಗಿಯಿತು ಅಂದುಕೊಂಡೆ.

ಎಂಟು ತಿಂಗಳ ಮೇಲೆ ಬ್ಯಾಂಕಿನಿಂದ ಫೋನ್ ಬಂತು. ಮೂರು ಕಂತು ಬಾಕಿ ಇದೆ, ಯಾವಾಗ ಕಟ್ಟುತ್ತೀರಿ ಅಂತ. ಆ ಸಾಲ ನನ್ನದಲ್ಲ, ಕೋರ್ಟಿನ ಆದೇಶ ಇದೆ ಅಂದೆ. "ಅದು ನಿಮ್ಮಿಬ್ಬರ ನಡುವಿನದ್ದು ಮೇಡಂ, ಸಾಲದ ಪತ್ರದಲ್ಲಿ ನಿಮ್ಮ ಸಹಿ ಇದೆಯಲ್ಲ" ಅಂದರು. ಕೈಕಾಲು ತಣ್ಣಗಾಯಿತು.

ಇಬ್ಬರೂ ಸೇರಿ ಸಹಿ ಹಾಕಿದ ಸಾಲದಲ್ಲಿ ನನ್ನದು ಅರ್ಧ, ಅವರದು ಅರ್ಧ ಅಂತ ಇರುವುದಿಲ್ಲ. ಒಬ್ಬರು ಕಟ್ಟದಿದ್ದರೆ ಬ್ಯಾಂಕು ಪೂರ್ತಿ ಹಣವನ್ನು ಇನ್ನೊಬ್ಬರಿಂದ ಕೇಳಬಹುದು. ನಾವು ಮಾಡಿಕೊಂಡ ಒಪ್ಪಂದಕ್ಕೆ ಬ್ಯಾಂಕು ಸಹಿ ಹಾಕಿಲ್ಲ, ಅಲ್ವಾ? ನಾನು ಕಟ್ಟಿ, ಆಮೇಲೆ ಅವರ ಹಿಂದೆ ಬಿದ್ದು ವಸೂಲಿ ಮಾಡಿಕೊಳ್ಳಬೇಕು, ಅಷ್ಟೇ. ಕಂತು ತಪ್ಪಿದ್ದು ನನ್ನ ಕ್ರೆಡಿಟ್ ಸ್ಕೋರಿಗೂ ಹೊಡೆಯಿತು. ಮನೆ ಹೋಯಿತು, ಸಾಲ ಮಾತ್ರ ನನ್ನ ತಲೆ ಮೇಲೆ ಉಳಿಯಿತು.

ಪಾಲು ಬರೆದುಕೊಡುವ ಮೊದಲೇ ಬ್ಯಾಂಕಿಗೆ ಹೋಗಿ ನನ್ನ ಹೆಸರು ತೆಗೆಯಿರಿ ಅಂತ ಬರವಣಿಗೆಯಲ್ಲಿ ಕೇಳಬೇಕಿತ್ತು. ಅವರು ಸುಮ್ನೆ ತೆಗೆಯುವುದಿಲ್ಲ, ಉಳಿಯುವವರ ಒಬ್ಬರದೇ ಆದಾಯದಲ್ಲಿ ಸಾಲ ತೀರುತ್ತದಾ ಅಂತ ನೋಡುತ್ತಾರೆ. ತೀರದಿದ್ದರೆ ಮನೆ ಮಾರಿ ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳುವುದೇ ವಾಸಿ. ಮನಸ್ಸಿಗೆ ಕಷ್ಟ ಆಗುತ್ತದೆ, ಗೊತ್ತು.

ಬಿಲ್ಲುಗಳದ್ದೂ ಇದೇ ಕತೆ. ಇಂಟರ್ನೆಟ್ ನನ್ನ ಹೆಸರಲ್ಲಿತ್ತು, ಬಾಕಿಯ ನೋಟಿಸ್ ನನಗೇ ಬಂತು. ಯಾರು ಬಳಸಿದರು ಅಂತ ಯಾರೂ ಕೇಳುವುದಿಲ್ಲ, ಖಾತೆ ಯಾರ ಹೆಸರಲ್ಲಿದೆ ಅಂತ ನೋಡುತ್ತಾರೆ. ಜಂಟಿ ಖಾತೆ, ನಿಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ಅವರಿಗೆ ಕೊಡಿಸಿದ ಇನ್ನೊಂದು ಕಾರ್ಡು, ವಿಮೆಯ ನಾಮಿನಿ ಹೆಸರು, ಇವನ್ನೂ ಮರೆಯಬೇಡಿ.

ನನ್ನ ಹೆಸರು ತೆಗೆಯುವ ಅರ್ಜಿ ಇನ್ನೂ ಬ್ಯಾಂಕಿನಲ್ಲೇ ಇದೆ. ಅಲ್ಲಿಯವರೆಗೆ ಪ್ರತಿ ತಿಂಗಳು ಕಂತಿನ ದಿನ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ತೆಗೆದು, ಅವರು ಕಟ್ಟಿದ್ದಾರಾ ಅಂತ ನೋಡುತ್ತೇನೆ.