ಫ್ರಿಜ್ ಮೇಲಿನ ಕಾರ್ಡು: ಮನೆಗೆ ಬಂದು ನೋಡಿಕೊಳ್ಳುವ ಹಾಸ್ಪೈಸ್ ಸೇವೆ, ಐದು ತಿಂಗಳ ಬಳಕೆಯ ನಂತರ

ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತದ ಉತ್ತರಪತ್ರಿಕೆ ತಿದ್ದಿದವಳು ನಾನು. ಅರ್ಧ ಅಂಕ ಕಳೆದರೂ ಏಕೆ ಕಳೆದೆ ಎಂದು ಪಕ್ಕದಲ್ಲಿ ಬರೆಯುವ ಅಭ್ಯಾಸ. ಇಲ್ಲಿ ಕಳೆದದ್ದು ಪೂರ್ತಿ ಒಂದು ಅಂಕ, ಅದೂ ಒಂದೇ ತಪ್ಪಿಗೆ.

ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ಕೊನೆಯವರೆಗೂ ನೋಡಿಕೊಳ್ಳುವ ಸೇವೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬೆಂಗಳೂರಿನ ಒಂದು ಮೂಲೆಯ ಸಣ್ಣ ಟ್ರಸ್ಟ್ ಅದು. ಇಬ್ಬರು ನರ್ಸುಗಳು, ವಾರಕ್ಕೊಮ್ಮೆ ಬರುವ ಒಬ್ಬ ಡಾಕ್ಟರು, ಬಾಗಿಲು ಸರಿಯಾಗಿ ಮುಚ್ಚದ ಒಂದು ವ್ಯಾನು. ಹೆಸರು ಬರೆದರೆ ಬೈಗುಳವೆಲ್ಲ ಆ ಇಬ್ಬರು ಹೆಣ್ಣುಮಕ್ಕಳ ಪಾಲಿಗೆ ಹೋಗುತ್ತದೆ. ಮನೆಯಲ್ಲಿ ಇಂಥದ್ದೇ ರೋಗಿಯನ್ನು ಇಟ್ಟುಕೊಂಡು ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಿರುವವರಿಗೆ ಮೊದಲ ದಿನವೇ ಏನು ಕೇಳಬೇಕು ಎಂಬುದು ತಿಳಿದರೆ ಸಾಕು.

ಅಪ್ಪನಿಗೆ 77. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಅದು ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಪರೀಕ್ಷೆ ಮಾಡಿದ ದೊಡ್ಡ ಆಸ್ಪತ್ರೆಯವರು "ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ" ಎಂದರು. ಹೇಗೆ ನೋಡಿಕೊಳ್ಳುವುದು ಎಂದು ಹೇಳಲಿಲ್ಲ. ಮಾರತ್‌ಹಳ್ಳಿ ಕಡೆಯ ಕರುಣಾಶ್ರಯ ಎಂಬ ಹಾಸ್ಪೈಸಿನ ಬಗ್ಗೆ ನಮಗೆ ಗೊತ್ತಿತ್ತು; 1999ರಿಂದ ಅಲ್ಲಿ ಹಾಸಿಗೆಗಳಿವೆ, ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: "ನನ್ನ ಮಂಚ ಬಿಟ್ಟು ನಾನು ಎಲ್ಲಿಗೂ ಬರುವುದಿಲ್ಲ." ಹಾಗಾಗಿ ಮಂಚದ ಹತ್ತಿರಕ್ಕೇ ಬರುವವರನ್ನು ಹುಡುಕಬೇಕಾಯಿತು.

ಮೊದಲ ಭೇಟಿಯಲ್ಲೇ ನನಗೆ ಸಿಟ್ಟು ಬಂದಿತ್ತು. ನೋವಿನಿಂದ ಮುದುಡಿ ಮಲಗಿದ್ದ ಮನುಷ್ಯನನ್ನು ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ, "ತಾತ, ಮೋಷನ್ ಆಗಿ ಎಷ್ಟು ದಿನವಾಯಿತು?" ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಶುರು ಮಾಡಿದರೆ ಮಲಬದ್ಧತೆ ಕಟ್ಟಿಟ್ಟ ಬುತ್ತಿ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮಾತ್ರೆ ಕೊಡಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ಎರಡನೆಯ ಪ್ರಶ್ನೆ, "ನೋವು ಹತ್ತರಲ್ಲಿ ಎಷ್ಟು?" ಅಪ್ಪ ಗೋಡೆಗೇ ಹೇಳಿದರು, "ಹತ್ತರ ಲೆಕ್ಕ ನನಗೆ ಬೇಡ ತಾಯಿ. ರೂಪಾಯಿಗೆ ಹದಿನಾಲ್ಕಾಣೆ ಎಂದು ಬರೆದುಕೋ."

ಇನ್ನೊಬ್ಬರಾಗಿದ್ದರೆ ನಕ್ಕು, ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಒಂಬತ್ತು ಎಂದು ಬರೆಯುತ್ತಿದ್ದರು. ಈ ಹುಡುಗಿ ಫೈಲಿನಲ್ಲಿ 14/16 ಎಂದು ಬರೆದಳು. ಆ ಫೈಲನ್ನು ನಾನು ಆಮೇಲೆ ಎಷ್ಟೋ ಸಲ ತಿರುವಿ ನೋಡಿದ್ದೇನೆ. ಐದು ತಿಂಗಳೂ ಅದೇ ಲೆಕ್ಕ. ಹದಿನಾಲ್ಕಾಣೆ ಇದ್ದದ್ದು ಎರಡೇ ವಾರದಲ್ಲಿ ಐದಾಣೆಗೆ ಇಳಿದಿತ್ತು. ವ್ಯಾನು ನಿಂತ ಸದ್ದು ಕೇಳಿದೊಡನೆ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುವರು. ಒಳಗೆ ಕಾಲಿಡುತ್ತಲೇ ಅವಳು "ತಾತ, ಇವತ್ತಿನ ಧಾರಣೆ ಎಷ್ಟು?" ಎಂದು ಕೇಳುವಳು. ಮಾರುಕಟ್ಟೆ ಇಳಿದಿದೆ, ಏರಿದೆ ಎಂದು ಇಬ್ಬರದೂ ವ್ಯಾಪಾರ. ಅಳಿಯ ಬಂದರೂ ಮಾತನಾಡದೆ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದ ನಮ್ಮ ಅಪ್ಪ!

ಔಷಧದ ವೇಳಾಪಟ್ಟಿ ಅಪ್ಪನ ವಶದಲ್ಲೇ ಇತ್ತು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರಕ್ಕೆ 10 ಮಿಲಿಗ್ರಾಮಿನ ಒಂದೊಂದು ಮಾರ್ಫಿನ್ ಮಾತ್ರೆ. ನಡುರಾತ್ರಿ ಏಳಬಾರದೆಂದು ರಾತ್ರಿ ಹತ್ತಕ್ಕೆ ಎರಡು. ದಿನವೂ ಕೀ ಕೊಡಬೇಕಾದ ಅವರ ಹಳೆಯ ಎಚ್‌ಎಂಟಿ ಜನತಾ ವಾಚು ದಿಂಬಿನ ಪಕ್ಕ. ನಾನು ಎರಡು ನಿಮಿಷ ತಡವಾಗಿ ಬಂದರೆ ಮಾತನಾಡದೆ ವಾಚನ್ನು ನನ್ನ ಕಡೆ ತಿರುಗಿಸಿ ಇಡುತ್ತಿದ್ದರು.

ದಿನಕ್ಕೆ ಆರು, ಹದಿನಾಲ್ಕು ದಿನಕ್ಕೆ 84. ಎರಡು ವಾರಕ್ಕೊಮ್ಮೆ ಮನೆಯವರೇ ಟ್ರಸ್ಟಿನ ಕಚೇರಿಗೆ ಹೋಗಿ, ಖಾಲಿ ಸ್ಟ್ರಿಪ್‌ಗಳನ್ನು ಒಪ್ಪಿಸಿ, ಉಳಿದದ್ದನ್ನು ಎಣಿಸಿ ತೋರಿಸಿ, ಸಹಿ ಹಾಕಿ ಹೊಸದನ್ನು ತರಬೇಕು. ನಾನೇನು ಕಳ್ಳಿಯೇ ಎಂದು ಮೊದಲ ಸಲ ಅಲ್ಲೇ ರೇಗಿದ್ದೆ. ಆದರೆ ಮಾರ್ಫಿನ್ ಬೀದಿಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವ ಮಾತ್ರೆಯಲ್ಲ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳೂ ಅದನ್ನು ಇಡುವುದನ್ನು ಬಿಟ್ಟಿದ್ದವಂತೆ. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಹಾದಿ ಸುಗಮವಾಯಿತು, ಲೆಕ್ಕ ಮಾತ್ರ ಪಕ್ಕಾ ಇರಬೇಕು. ಗಣಿತದ ಟೀಚರಿಗೆ ಲೆಕ್ಕ ಒಪ್ಪಿಸುವುದರಲ್ಲಿ ಅವಮಾನವೇನಿದೆ ಎಂದುಕೊಂಡೆ. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಬಸ್ ಬದಲಿಸಿ ಹೋಗಿ ಬರುವುದು ಮಾತ್ರ ಕೊನೆಯವರೆಗೂ ತಾಪತ್ರಯವೇ. ಇದಕ್ಕೆ ಅಂಕ ಕಳೆದಿಲ್ಲ.

ಖರ್ಚಿನ ವಿಷಯ. ಭೇಟಿಗೆ, ಮಾತ್ರೆಗೆ ದುಡ್ಡಿಲ್ಲ. ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆ ಕೊಟ್ಟರು, ಅದಕ್ಕೆ 2,000 ರೂಪಾಯಿ ಠೇವಣಿ. ಹಗಲಿಗೆ ಆಳು ಇಟ್ಟುಕೊಂಡ ಖರ್ಚು ನಮ್ಮದೇ. ನನ್ನ ಸಂಬಳದ ಅರ್ಧ ಅದಕ್ಕೇ ಹೋಯಿತು.

ಈಗ ಕಳೆದ ಅಂಕದ ಸಂಗತಿ.

ಸೇರಿಸಿಕೊಂಡ ದಿನ ಒಂದು ಕಾರ್ಡು ಕೊಟ್ಟಿದ್ದರು. ದಪ್ಪ ಕಾಗದ, ನೀಲಿ ಅಕ್ಷರ: "24 ಗಂಟೆಯೂ ನಿಮ್ಮೊಂದಿಗೆ". ಕೆಳಗೆ ಒಂದು ಮೊಬೈಲ್ ಸಂಖ್ಯೆ. ಅದನ್ನು ಫ್ರಿಜ್ಜಿಗೆ ಅಂಟಿಸಿದೆ. ರಾತ್ರಿ ನೀರು ಕುಡಿಯಲು ಎದ್ದಾಗ ಆ ನೀಲಿ ಅಕ್ಷರ ಕಂಡರೆ ಸಾಕು, ವಾಪಸು ಬಂದು ನಿದ್ದೆ ಮಾಡುತ್ತಿದ್ದೆ. ಮೂರು ತಿಂಗಳು ಆ ನಂಬರಿಗೆ ಕರೆ ಮಾಡಲೇ ಇಲ್ಲ, ಬೇಕಾಗಿರಲಿಲ್ಲ.

ನವೆಂಬರಿನ ಒಂದು ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಅಪ್ಪ ನರಳಿದರು. ನಡುವೆ ನೋವು ಎದ್ದರೆ ಹೆಚ್ಚಿನ ಒಂದು ಮಾತ್ರೆ ಕೊಡಬಹುದು ಎಂದು ಬರೆದುಕೊಟ್ಟಿದ್ದರು, ಕೊಟ್ಟೆ. ಹತ್ತು ನಿಮಿಷಕ್ಕೆ ವಾಂತಿ. ಮಾತ್ರೆ ಹೊರಗೆ ಬಂದಿತೋ, ಒಳಗೇ ಕರಗಿತೋ? ಇನ್ನೊಂದು ಕೊಟ್ಟರೆ ಹೆಚ್ಚಾಗುತ್ತದೆಯೇ? ಬಕೆಟಿನಲ್ಲಿ ಟಾರ್ಚು ಬಿಟ್ಟು ಬಿಳಿ ಚೂರಿಗಾಗಿ ಹುಡುಕಿದೆ. ಉತ್ತರ ಗೊತ್ತಿದ್ದವರಿಗೆ ಅರ್ಧ ನಿಮಿಷದ ಪ್ರಶ್ನೆ ಅದು. ಕಾರ್ಡಿನ ನಂಬರಿಗೆ ಕರೆ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಹೀಗೆ ಆರು ಸಲ. ಏಳನೆಯ ಸಲ ಎತ್ತಿದವರು ಕಾವಲುಗಾರರು. "ಮೇಡಂ, ಸಿಸ್ಟರ್ ಎಂಟೂವರೆಗೆ ಬರುತ್ತಾರೆ, ಫೋನು ಇಲ್ಲಿ ಚಾರ್ಜಿಗೆ ಹಾಕಿದೆ" ಎಂದರು. ಪಾಪ, ನಿದ್ದೆಗಣ್ಣಿನಲ್ಲೂ ಮರ್ಯಾದೆಯಿಂದಲೇ ಮಾತನಾಡಿದರು.

ಆಟೊ ಹಿಡಿದು ಹತ್ತಿರದ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು. ಡ್ರಿಪ್ ಹಾಕಿದರು, ರಕ್ತ ತೆಗೆದರು, ಮಾರ್ಫಿನ್ ನಮ್ಮಲ್ಲಿ ಇಲ್ಲ ಎಂದರು. ಐಸಿಯುಗೆ ಸೇರಿಸೋಣವೇ ಎಂದು ಎರಡು ಸಲ ಕೇಳಿದರು. ಆಗ ನನ್ನ ಕೈಚೀಲದಲ್ಲಿ ಒಂದು ಕಾಗದವಿತ್ತು: ಕೃತಕ ಉಸಿರಾಟ ಬೇಡ, ಐಸಿಯು ಬೇಡ ಎಂದು ಅಪ್ಪ ಸಹಿ ಮಾಡಿದ ಮುಂಗಡ ಹೇಳಿಕೆ. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ ವ್ಯವಸ್ಥೆ. 2023ರಲ್ಲಿ ವಿಧಾನ ಸರಳವಾದ ಮೇಲೆ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿದ್ದರೆ ಸಾಕು. ಇದನ್ನು ಎರಡನೆಯ ವಾರದಲ್ಲೇ ಮಾಡಿಸಿದ್ದು ಟ್ರಸ್ಟಿನ ಡಾಕ್ಟರು. ದೃಢೀಕರಿಸಿದ್ದು ಗೆಜೆಟೆಡ್ ಅಧಿಕಾರಿಯಾದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು. ಫೋನು ಎತ್ತದೆ ನನ್ನನ್ನು ಅಲ್ಲಿಗೆ ಓಡಿಸಿದವರೂ ಟ್ರಸ್ಟಿನವರೇ, ಅಲ್ಲಿಂದ ಬಿಡಿಸಿದ್ದೂ ಅವರು ಮಾಡಿಸಿದ ಕಾಗದವೇ. ಆ ಹೊತ್ತಿನಲ್ಲಿ ಕೃತಜ್ಞತೆಯೇನೂ ಹುಟ್ಟಲಿಲ್ಲ. ಬಿಲ್ಲು 9,860 ರೂಪಾಯಿ. ಸ್ಟ್ರೆಚರಿನ ಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು, "ಹದಿನಾರಾಣೆ."

ಬೆಳಿಗ್ಗೆ ಬಂದ ಸಿಸ್ಟರ್ ನೆಪ ಹೇಳಲಿಲ್ಲ. ನನ್ನ ಕೂಗಾಟವನ್ನೆಲ್ಲ ನಿಂತೇ ಕೇಳಿ, ಫೈಲಿನಲ್ಲಿ 16/16 ಎಂದು ಬರೆದು, ಅಪ್ಪನ ಪಾದದ ಹತ್ತಿರ ಕುಳಿತಳು. ವಾರದೊಳಗೆ ನಮ್ಮ ಮನೆಗೆ ಒಂದು ಸ್ಟೀಲ್ ಡಬ್ಬಿ ಬಂತು. ಅದರಲ್ಲಿ ವಾಂತಿಗೆ, ತಳಮಳಕ್ಕೆ, ಗಂಟಲಿನ ಗೊರಗೊರ ಸದ್ದಿಗೆ ಬೇರೆಬೇರೆ ಪೊಟ್ಟಣಗಳು. ಮುಚ್ಚಳದ ಒಳಗೆ ದುಂಡಗಿನ ಅಕ್ಷರದಲ್ಲಿ ಬರೆದ ಹಾಳೆ: ಹೀಗಾದರೆ ಇದು, ಇಷ್ಟು ಹೊತ್ತು ಕಾಯಿರಿ, ಆಮೇಲೆ ಇದು. ಮಾತ್ರೆ ವಾಂತಿಯಾದರೆ ಏನು ಮಾಡಬೇಕು ಎಂಬುದೇ ಮೊದಲ ಸಾಲು.

ಆ ಡಬ್ಬಿ ಮೊದಲ ದಿನವೇ ಬಂದಿದ್ದರೆ ನಾನು ಈ ವಿಮರ್ಶೆ ಬರೆಯುತ್ತಲೇ ಇರಲಿಲ್ಲ. ಟ್ರಸ್ಟಿಗೆ ದೂರು ಬರೆದೆ. ಇರುವವರು ಇಬ್ಬರೇ, ಹಗಲೆಲ್ಲ ಮನೆಗಳನ್ನು ಸುತ್ತುತ್ತಾರೆ, ರಾತ್ರಿಗೆ ಇನ್ನೊಬ್ಬರನ್ನು ನೇಮಿಸಲು ಹಣವಿಲ್ಲ ಎಂದು ಉತ್ತರ ಬಂತು. ನಂಬುತ್ತೇನೆ. ರಾತ್ರಿ ಫೋನು ಎತ್ತಲಿಲ್ಲ ಎಂದು ಅಂಕ ಕಳೆದಿಲ್ಲ. ಎತ್ತುತ್ತೇವೆ ಎಂದು ಅಚ್ಚು ಹಾಕಿಸಿದ್ದಕ್ಕೆ ಕಳೆದಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು ಎಂದು ಬರೆಯಿರಿ. ನಾವು ಅದಕ್ಕೆ ತಕ್ಕಂತೆ ಯಾವುದಾದರೂ ಡಾಕ್ಟರನ್ನು ಗೊತ್ತು ಮಾಡಿಕೊಳ್ಳುತ್ತೇವೆ, ಪಕ್ಕದ ಮನೆಯ ಕಾರಿನವರಿಗೆ ಮೊದಲೇ ಹೇಳಿಟ್ಟಿರುತ್ತೇವೆ. ಪುಕ್ಕಟೆಯಾಗಿ ಕೊಡುವವರು ಕಡಿಮೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಸುಳ್ಳು ಭರವಸೆಗೆ ಮಾತ್ರ ಬೆಲೆ ತೆತ್ತವರು ನಾವು. ನೀವು ಯಾವುದೇ ಸಂಸ್ಥೆಗೆ ಸೇರಿಸಿ, ಸಹಿ ಹಾಕುವ ಮೊದಲು ಒಂದು ರಾತ್ರಿ ಎರಡು ಗಂಟೆಗೆ ಅವರ ನಂಬರಿಗೆ ಕರೆ ಮಾಡಿ ನೋಡಿ. ಒರಟುತನವೆನಿಸಿದರೂ ಪರವಾಗಿಲ್ಲ.

ಕೊನೆಯ ಹತ್ತು ದಿನಗಳಿಗೆ ಬರುತ್ತೇನೆ. ಇಷ್ಟೆಲ್ಲ ಸಿಟ್ಟಿದ್ದೂ ಆ ದಿನಗಳಿಗಾಗಿ ನಾಲ್ಕು ಅಂಕ ಉಳಿದಿವೆ.

ಅಪ್ಪನಿಗೆ ನುಂಗುವುದು ನಿಂತಿತು. ಮಾರ್ಫಿನ್ ಚರ್ಮದಡಿಯ ಸಣ್ಣ ಸೂಜಿಗೆ ಬದಲಾಯಿತು. ಡ್ರಿಪ್ ಹಾಕಿಸಿ, ಹಸಿವಿನಿಂದ ಸಾಯಿಸುತ್ತೀರಾ ಎಂದು ಪುಣೆಯಿಂದ ತಮ್ಮ ಫೋನಿನಲ್ಲಿ ಕೂಗಾಡಿದ. ಡಾಕ್ಟರು ಅವನೊಂದಿಗೆ ನಲವತ್ತು ನಿಮಿಷ ಮಾತನಾಡಿದರು. ದೇಹ ಬೇಡವೆನ್ನುವಾಗ ನೀರು ತುಂಬಿದರೆ ಅದು ಕಾಲಿಗೆ, ಎದೆಗೆ ಇಳಿಯುತ್ತದೆ ಎಂದು ತಿಳಿಸಿ ಹೇಳಿದರು. ಸಿಸ್ಟರ್ ನನಗೆ ಬಾಯಿ ಒರೆಸುವುದನ್ನು ಕಲಿಸಿದಳು. ಅಪ್ಪನ ಹಳೆಯ ಪಂಚೆಯ ಮೆತ್ತಗಿನ ತುಂಡನ್ನು ತೋರುಬೆರಳಿಗೆ ಸುತ್ತಿ, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಹಿಂಡಿ, ಒಸಡು, ಕೆನ್ನೆಯ ಒಳಭಾಗ, ಕೊನೆಗೆ ನಾಲಿಗೆ. ಎರಡು ಗಂಟೆಗೊಮ್ಮೆ.

ಮೂರನೆಯ ದಿನ ಅವಳು ಅಡುಗೆಮನೆಯಿಂದ ಬರುತ್ತಿದ್ದ ವಾಸನೆಗೆ ಮೂಗರಳಿಸಿ, "ಅಕ್ಕ, ತಾತನಿಗೆ ಕಾಫಿ ಇಷ್ಟವಾ?" ಎಂದು ಕೇಳಿದಳು. ಇಷ್ಟವೇ! ದಿನಕ್ಕೆ ಐದು ಲೋಟ, ಬೆಳಗಿನದ್ದು ಮೊದಲ ಡಿಕಾಕ್ಷನ್ನಿನದೇ ಆಗಬೇಕು. "ಹಾಗಾದರೆ ಸೋಡಾ ನೀರು ಆದ ಮೇಲೆ ಒಂದು ಸಲ ಕಾಫಿಯಲ್ಲಿ ಒರೆಸಿ. ನುಂಗಬೇಕಿಲ್ಲ, ನಾಲಿಗೆಗೆ ತಿಳಿದರೆ ಸಾಕು" ಎಂದಳು.

ಮಾರನೆಯ ಬೆಳಿಗ್ಗೆ ಆರಕ್ಕೆ ಫಿಲ್ಟರಿನಿಂದ ಮೊದಲ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಅವರ ಹಿತ್ತಾಳೆ ಲೋಟದಲ್ಲೇ ಆರಿಸಿ ತಂದೆ. ಪಂಚೆಯ ತುಂಡನ್ನು ಅದ್ದಿ ತುಟಿಗೆ ಮುಟ್ಟಿಸಿದೆ. ಹಿಂದಿನ ದಿನವೆಲ್ಲ ಕಣ್ಣು ತೆರೆಯದಿದ್ದವರ ತುಟಿ ಎಳೆಗರುವಿನ ಹಾಗೆ ಬಟ್ಟೆಯನ್ನು ಹಿಡಿದುಕೊಂಡಿತು. ಹುಬ್ಬು ಗಂಟಿಕ್ಕಿತು. ಕಿವಿ ಹತ್ತಿರಕ್ಕೆ ಒಯ್ದೆ.

"ಸಕ್ಕರೆ ಇಲ್ಲ."

ಮೂವತ್ತು ವರ್ಷದಿಂದ ಸಕ್ಕರೆ ಕಾಯಿಲೆಯೆಂದು ನಾವು ಕಿತ್ತುಕೊಂಡಿದ್ದ ಎರಡು ಚಮಚ ಸಕ್ಕರೆಯನ್ನು ಅಂದು ಹಾಕಿದೆ. ಆಮೇಲೆ ಪ್ರತಿದಿನ ಬೆಳಿಗ್ಗೆ ಆರಕ್ಕೆ, ಸಂಜೆ ನಾಲ್ಕಕ್ಕೆ. ಮಿಕ್ಕ ಕಾಫಿಯನ್ನು ಮಂಚದ ಪಕ್ಕ ಕುಳಿತು ನಾನು ಕುಡಿಯುತ್ತಿದ್ದೆ.

ಒಂದು ಗುರುವಾರ ನಸುಕಿನ ನಾಲ್ಕಕ್ಕೆ ಮುಗಿಯಿತು. ಆ ನಂಬರಿಗೆ ಕರೆ ಮಾಡುವ ಯೋಚನೆಯೂ ಬರಲಿಲ್ಲ. ಡಬ್ಬಿಯ ಹಾಳೆಯ ಕೊನೆಯ ಸಾಲು ಹೀಗಿತ್ತು: "ಉಸಿರು ನಿಂತ ಮೇಲೆ ಯಾವ ಅವಸರವೂ ಇಲ್ಲ. ಬೆಳಗಾಗಲಿ, ನಾವು ಬರುತ್ತೇವೆ." ನಾನೂ ನನ್ನ ಗಂಡನೂ ಬೆಳಗಾಗುವವರೆಗೆ ಅಪ್ಪನ ಪಕ್ಕ ಕುಳಿತಿದ್ದೆವು. ಎಂಟೂಕಾಲಿಗೆ ಸಿಸ್ಟರ್ ಮತ್ತು ಡಾಕ್ಟರು ಇಬ್ಬರೂ ಬಂದರು. ಮನೆಯಲ್ಲಿ ತೀರಿಕೊಂಡರೆ ವೈದ್ಯರು ಬರೆದುಕೊಡಬೇಕಾದ 4ಎ ನಮೂನೆಯನ್ನು ತುಂಬಿಕೊಟ್ಟರು. ಅದು ಕೈಯಲ್ಲಿದ್ದದ್ದರಿಂದ ವಿದ್ಯುತ್ ಚಿತಾಗಾರದಲ್ಲಿಯೂ, 21 ದಿನದೊಳಗೆ ಮಾಡಿಸಬೇಕಾದ ಮರಣ ನೋಂದಣಿಯಲ್ಲಿಯೂ ನಮ್ಮನ್ನು ಯಾರೂ ಅಲೆದಾಡಿಸಲಿಲ್ಲ. ನೀವು ಸೇರಿಸುವ ಸಂಸ್ಥೆ ಇದನ್ನು ಬರೆದುಕೊಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹದಿಮೂರು ದಿನ ಕಳೆದ ಮೇಲೆ ಉಳಿದಿದ್ದ 23 ಮಾತ್ರೆಗಳನ್ನು ಎಣಿಸಿ ಕೊಟ್ಟು ಸಹಿ ಹಾಕಿದೆ. ಗಾಳಿ ಹಾಸಿಗೆಯನ್ನು ಡೆಟಾಲಿನಲ್ಲಿ ಒರೆಸಿ, ಮಡಿಸಿ ಒಪ್ಪಿಸಿದೆ. ಕಚೇರಿಯ ಮೇಜಿನ ಮೇಲೆ ಹೊಸದಾಗಿ ಅಚ್ಚಾದ ಕಾರ್ಡುಗಳ ಕಟ್ಟು ಇತ್ತು. ಬಗ್ಗಿ ನೋಡಿದೆ, ಅದೇ ನೀಲಿ ಅಕ್ಷರ, ಅದೇ 24. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ಒಳಗಿನಿಂದ ಬಂದು, "ಅಕ್ಕ, ಕಾಫಿ ಕುಡಿದು ಹೋಗಿ" ಎಂದಳು. ಕುಡಿದೆ. ಅವರ ಕಾಫಿ ಚೆನ್ನಾಗಿಲ್ಲ. ಠೇವಣಿಯ 2,000 ರೂಪಾಯಿ ಇನ್ನೂ ವಾಪಸು ಬಂದಿಲ್ಲ, ನಾನೂ ಕೇಳಿಲ್ಲ.