ಗಂಜ್ ಹತ್ತಿರದ ಖಾನಾವಳಿಯಲ್ಲಿ ಮೂರು ತಿಂಗಳ ಊಟ

ರಾಯಚೂರಿನ ಗಂಜ್ ಅಂದರೆ ಕೃಷಿ ಮಾರುಕಟ್ಟೆಯ ಪ್ರದೇಶದಲ್ಲಿ, ಹಮಾಲರೂ ದಲಾಲಿ ಅಂಗಡಿಗಳ ಗುಮಾಸ್ತರೂ ಮಧ್ಯಾಹ್ನ ಸಾಲುಗಟ್ಟಿ ಬರುವ ಒಂದು ಖಾನಾವಳಿಯಿದೆ. ಅದರ ಬಾಗಿಲಿನ ಮೇಲೆ ‘ಜೋಳದ ರೊಟ್ಟಿ ಊಟ: ಕ್ಯಾಲೊರಿ ಕಡಿಮೆ, ತೂಕ ಇಳಿಯುವುದು ಖಚಿತ’ ಎಂಬ ಫ್ಲೆಕ್ಸ್ ಕಟ್ಟಿದ್ದಾರೆ. ನಾನು ಅಲ್ಲಿಗೆ ಹೋಗತೊಡಗಿದ್ದು ಆ ಫ್ಲೆಕ್ಸ್ ನೋಡಿ ಅಲ್ಲ. ವರ್ಗಾವಣೆಯಾಗಿ ಕುಷ್ಟಗಿಯಿಂದ ಒಬ್ಬನೇ ಬಂದು ಬಾಡಿಗೆ ಕೋಣೆ ಹಿಡಿದವನಿಗೆ ಹತ್ತಿರದಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ಮೂರು ತಿಂಗಳಲ್ಲಿ ನನ್ನ ತೂಕ 81 ಕಿಲೋದಿಂದ 77ಕ್ಕೂ, ಸೊಂಟದ ಸುತ್ತಳತೆ 98 ಸೆಂಟಿಮೀಟರಿನಿಂದ 94ಕ್ಕೂ ಇಳಿದಿರುವುದರಿಂದ, ಫ್ಲೆಕ್ಸ್‌ನ ಮಾತನ್ನು ಪೂರ್ತಿ ಸುಳ್ಳೆನ್ನಲು ಬಾಯಿ ಬರುವುದಿಲ್ಲ. ಅದು ಕೊಡುವ ಕಾರಣ ಮಾತ್ರ ತಪ್ಪು. ಈ ಖಾನಾವಳಿ ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಆ ಫ್ಲೆಕ್ಸ್‌ನಲ್ಲಿ ಬರೆದೇ ಇಲ್ಲ.

ಮೊದಲು ಲೆಕ್ಕದ ಮಾತು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 350 ಕ್ಯಾಲೊರಿ ಇದೆ. ನೂರು ಗ್ರಾಂ ಅಕ್ಕಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ವ್ಯತ್ಯಾಸವಿರುವುದು ನಾರಿನಲ್ಲಿ: ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹಾಗಾಗಿ ‘ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ’ ಎಂದು ಆರು ರೊಟ್ಟಿ ಮುರಿಯುವವರು ಅನ್ನ ಉಣ್ಣುವವರಿಗಿಂತ ಕಡಿಮೆಯನ್ನೇನೂ ತಿನ್ನುತ್ತಿಲ್ಲ. ರೊಟ್ಟಿಯ ಉಪಕಾರ ಬೇರೆಯದು, ಅದನ್ನು ಅಗಿಯಬೇಕು. ತಿಳಿಸಾರು ಕಲಸಿದ ಅನ್ನ ಗಂಟಲಿನಿಂದ ತಾನೇ ಇಳಿದುಹೋಗುತ್ತದೆ, ರೊಟ್ಟಿ ಹಾಗೆ ಇಳಿಯುವುದಿಲ್ಲ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ತಲುಪಲು ಇಪ್ಪತ್ತು ನಿಮಿಷವಾದರೂ ಬೇಕೆನ್ನುತ್ತಾರೆ. ಆ ಇಪ್ಪತ್ತು ನಿಮಿಷವನ್ನು ಈ ಖಾನಾವಳಿ ತನಗೆ ಗೊತ್ತಿಲ್ಲದೆಯೇ ಒದಗಿಸುತ್ತದೆ.

ಹೇಗೆಂದರೆ, ಇಲ್ಲಿ ರೊಟ್ಟಿಯನ್ನು ಬಡಿದು ಪೇರಿಸಿಡುವುದಿಲ್ಲ. ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಎದೆಮಟ್ಟದ ಗೋಡೆ ಮಾತ್ರ ಇರುವುದರಿಂದ ಎಲ್ಲವೂ ಕಾಣುತ್ತದೆ. ಇಬ್ಬರು ಅಕ್ಕಂದಿರು ಕುದಿನೀರು ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು, ಅಂಗೈಯಿಂದ ತಟ್ಟುತ್ತಾ ತಿರುಗಿಸುತ್ತಾ ತಾಟಿನಗಲ ಮಾಡುತ್ತಾರೆ. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುತ್ತಲೇ ಮಗುಚಿ, ಕೊನೆಗೆ ಕೆಂಡದ ಮಗ್ಗುಲಿಗೆ ಒರಗಿಸಿದಾಗ ರೊಟ್ಟಿ ಉಬ್ಬುತ್ತದೆ. ಒಂದು ರೊಟ್ಟಿ ಮುಗಿದು ಇನ್ನೊಂದು ಬರಲು ಜನ ಹೆಚ್ಚಿದ್ದರೆ ನಾಲ್ಕೈದು ನಿಮಿಷವಾಗುತ್ತದೆ. ಮೊದಮೊದಲು ಈ ಕಾಯುವಿಕೆಗೆ ನಾನು ಸಿಡಿಮಿಡಿಗೊಂಡದ್ದುಂಟು. ಆದರೆ ಆ ಹೊತ್ತಿನಲ್ಲಿ ಕೈ ತಾನಾಗಿ ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯದ ಸೊಪ್ಪಿನ ಕಡೆಗೆ ಹೋಗುತ್ತದೆ. ಎರಡನೆಯ ರೊಟ್ಟಿ ಮುಗಿಯುವ ವೇಳೆಗೆ ಮೂರನೆಯದು ಬೇಡವೆನ್ನಿಸುತ್ತದೆ. ಒಂದು ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಹಿಡಿಯುತ್ತದೆಂದು ಹಿರಿಯ ಅಕ್ಕ ಹೇಳಿದರು. ಎರಡು ಹೊತ್ತಿಗೆ ನಾಲ್ಕು ರೊಟ್ಟಿ ಎಂದರೆ 200 ಗ್ರಾಂ.

ಈ ಅಂಕಿಯನ್ನು ಹಿಡಿದು ನೋಡಲು ನಮಗೊಂದು ಅಳತೆಗೋಲು ಹತ್ತಿರದಲ್ಲೇ ಇದೆ. ಬೆಂಗಳೂರಿಗಿಂತ ನಮಗೆ ಸಮೀಪವಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು 27 ಗ್ರಾಂ ಎಣ್ಣೆ ಎಂದು ಹೇಳುತ್ತದೆ. ಬೆಳಗಿನ ಒಂದು ತಟ್ಟೆ ಉಪ್ಪಿಟ್ಟನ್ನು ಸೇರಿಸಿದರೆ ನನ್ನ ಧಾನ್ಯದ ಪಾಲು ಅಲ್ಲಿಗೇ ಮುಗಿಯಿತು. ಕಾಳಿನ ವಿಷಯದಲ್ಲಿ ಖಾನಾವಳಿಗೆ ಪೂರ್ಣ ಅಂಕ ಕೊಡಬಹುದು. ಹೆಸರು, ಮಡಿಕೆ, ಅಲಸಂದಿ, ಕಡಲೆ ಇವು ಸರದಿಯಂತೆ ಬರುತ್ತವೆ, ಮೊಳಕೆಯೊಡೆದೇ ಬರುತ್ತವೆ. ವಾರಕ್ಕೆರಡು ಸಲವಾದರೂ ಇರುವ ಪುಂಡಿ (ಗೋಂಗುರ) ಸೊಪ್ಪಿನ ಪಲ್ಯದ ಹುಳಿಗೆ ಇನ್ನೊಂದು ರೊಟ್ಟಿ ಕೇಳುವ ಆಸೆಯಾಗುತ್ತದೆ ಎಂಬುದೊಂದೇ ಅದರ ಮೇಲಿನ ದೂರು.

ನಿಜವಾದ ದೂರು ಎಣ್ಣೆಯದು. ಬದನೆಕಾಯಿ ಎಣ್ಣೆಗಾಯಿ ಇಲ್ಲಿ ಹೆಸರಿಗೆ ತಕ್ಕಂತೆಯೇ ಇರುತ್ತದೆ; ಬಟ್ಟಲನ್ನು ಸ್ವಲ್ಪ ಓರೆ ಮಾಡಿದರೆ ಒಂದು ದೊಡ್ಡ ಚಮಚದಷ್ಟು ಎಣ್ಣೆ ಅಂಚಿಗೆ ಸರಿದು ನಿಲ್ಲುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಆ ಒಂದು ಚಮಚ 120 ಕ್ಯಾಲೊರಿಯನ್ನು ದಾಟುತ್ತದೆ, ಮುಕ್ಕಾಲು ರೊಟ್ಟಿಗೆ ಹತ್ತಿರ. ಶೇಂಗಾ ಚಟ್ನಿಪುಡಿಯ ನಡುವೆ ಗುಳಿ ಮಾಡಿ ಹಸಿ ಎಣ್ಣೆ ಸುರಿಯುವುದು ನಮ್ಮ ಕಡೆಯ ಉಪಚಾರ. ಶೇಂಗಾದ ತೂಕದಲ್ಲಿ ಅರ್ಧಕ್ಕೆ ಹತ್ತಿರ ಎಣ್ಣೆಯೇ ಇರುವಾಗ ಅದರ ಮೇಲೆ ಮತ್ತೆ ಎಣ್ಣೆ ಏಕೆಂದು ಕೇಳಿದರೆ ಬಡಿಸುವ ಹುಡುಗ ನನ್ನನ್ನು ಕರುಣೆಯಿಂದ ನೋಡಿದ. ಈಗ ನಾನು ಪುಡಿಯನ್ನು ಮೊಸರಿನಲ್ಲಿ ಕಲಸಿಕೊಳ್ಳುತ್ತೇನೆ, ಎಣ್ಣೆಗಾಯಿಯ ಹೋಳನ್ನು ಮಾತ್ರ ಎತ್ತಿಕೊಂಡು ಎಣ್ಣೆಯನ್ನು ಬಟ್ಟಲಿನಲ್ಲೇ ಬಿಡುತ್ತೇನೆ. ಅಗಸಿ ಮತ್ತು ಗುರೆಳ್ಳು ಚಟ್ನಿ ಒಣದಾಗಿಯೇ ಬರುತ್ತವೆ, ರುಚಿಯೂ ಒಂದು ಕೈ ಮೇಲು.

ಎರಡನೆಯ ತೊಡಕು ಅನ್ನ. ರೊಟ್ಟಿ ಮುಗಿದ ಮೇಲೆ ಅನ್ನ-ಸಾರು ಉಣ್ಣದಿದ್ದರೆ ಊಟ ಮುಗಿದಂತಲ್ಲ ಎಂಬುದು ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಬೆಳೆದ ರೂಢಿ. ಜೋಳವುಣ್ಣುತ್ತಿದ್ದ ಹೊಟ್ಟೆಗಳು ಜೋಳವನ್ನು ಬಿಡಲಿಲ್ಲ, ಸೋನಾ ಮಸೂರಿಯನ್ನು ಸೇರಿಸಿಕೊಂಡವು. ‘ಅನ್ನ ಹಾಕ್ಲೇನ್ರೀ ಸರ?’ ಎಂದು ಕೇಳುವಷ್ಟರಲ್ಲಿ ಹುಡುಗನ ಸೌಟು ತಾಟಿಗೆ ಇಳಿದಿರುತ್ತದೆ. ಬೇಡವೆಂದರೆ, ‘ಎರಡs ರೊಟ್ಟಿಗೆ ಏನಾಗ್ತೈತ್ರೀ, ಒಂದ್ ಸ್ವಲ್ಪ ಉಣ್ರಿ’ ಎನ್ನುವ ಒತ್ತಾಯ. ನನ್ನ ಎದುರಿಗೆ ನಿತ್ಯ ಕೂರುವ ಹಮಾಲರೊಬ್ಬರು ಐದು ರೊಟ್ಟಿ ತಿಂದು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ; ಅವರ ಮೈಮೇಲೆ ಹಿಡಿಯಷ್ಟೂ ಬೊಜ್ಜಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹತ್ತಿಯ ಅಂಡಿಗೆ, ತೊಗರಿಯ ಚೀಲ ಹೊರುವವರಿಗೆ ಸಲ್ಲುವ ತಾಟನ್ನು ಕುರ್ಚಿಯಲ್ಲಿ ಕುಳಿತು ಕಡತ ತಿರುವುವ ನನಗೂ ಅದೇ ಬೆಲೆಗೆ, ಅದೇ ಪ್ರೀತಿಯಿಂದ ಬಡಿಸುತ್ತಾರೆ. ಅದು ಖಾನಾವಳಿಯ ತಪ್ಪಲ್ಲ. ಮೊದಲ ತಿಂಗಳು ಬೇಡವೆನ್ನಲು ನಾಚಿದವನು ನಾನೇ, ಆ ತಿಂಗಳು ತೂಕ ಕೂದಲೆಳೆಯಷ್ಟೂ ಇಳಿಯಲಿಲ್ಲ. ಎರಡನೆಯ ತಿಂಗಳಿನಿಂದ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವುದನ್ನು ಕಲಿತೆ. ಅನ್ನದ ಬದಲಿಗೆ ಎರಡು ಲೋಟ ಮಜ್ಜಿಗೆ ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತಾರೆ.

ರಾತ್ರಿಯ ಊಟ ಏಳೂವರೆಗೇ ಶುರುವಾಗುತ್ತದೆ ಎಂಬುದು ಈ ಜಾಗದ ಇನ್ನೊಂದು ಗುಣ. ಮೊದಲು ಸಂಜೆ ಆರಕ್ಕೆ ಸಹೋದ್ಯೋಗಿಗಳ ಜೊತೆ ಬಂಡಿಯ ಮುಂದೆ ನಿಂತು ವಗ್ಗರಣಿ (ಒಗ್ಗರಣೆ ಹಾಕಿದ ಮಂಡಕ್ಕಿ), ಅದರ ಜೊತೆಗೆ ಮೂರು ಮಿರ್ಚಿ ಭಜಿ ತಿಂದು, ಹಸಿವಿಲ್ಲದೆಯೂ ಹತ್ತು ಗಂಟೆಗೆ ಊಟಕ್ಕೆ ಕೂರುತ್ತಿದ್ದೆ. ಕೂಪನ್‌ಗೆ ಹಣ ಕಟ್ಟಿದ ಮೇಲೆ ಬೇಗನೆ ಹಸಿವಿಟ್ಟುಕೊಂಡು ಹೋಗುವುದೇ ಲಾಭವೆನ್ನಿಸಿ ಮಿರ್ಚಿ ವಾರಕ್ಕೊಮ್ಮೆಗೆ ಇಳಿಯಿತು. ಕೋಣೆಯಿಂದಲೂ ಕಚೇರಿಯಿಂದಲೂ ಖಾನಾವಳಿ ಸುಮಾರು ಒಂದು ಕಿಲೋಮೀಟರ್ ದೂರವಿರುವುದರಿಂದ ದಿನಕ್ಕೆ ನಲವತ್ತು ನಿಮಿಷದಷ್ಟು ನಡಿಗೆಯೂ ಆಗುತ್ತದೆ. ಇಳಿದ ನಾಲ್ಕು ಕಿಲೋದಲ್ಲಿ ಅದರ ಪಾಲನ್ನು ರೊಟ್ಟಿಯ ಖಾತೆಗೆ ಬರೆಯುವುದು ನ್ಯಾಯವಲ್ಲ. ಭಾರತೀಯ ಗಂಡಸರಿಗೆ ಸೊಂಟ 90 ಸೆಂಟಿಮೀಟರಿನೊಳಗೆ ಇರಬೇಕೆನ್ನುವುದರಿಂದ ನನಗಿನ್ನೂ ದಾರಿ ಉಳಿದಿದೆ.

ಉಪ್ಪಿನ ಬಗ್ಗೆ ರಕ್ತದೊತ್ತಡವಿರುವವರು ಎಚ್ಚರವಾಗಿರಬೇಕು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಮೂರೂ ಒಂದೇ ತಾಟಿನಲ್ಲಿ ಬರುತ್ತವೆ, ದಿನಕ್ಕೆ 5 ಗ್ರಾಂ ಎಂಬ ಮಿತಿ ಮಧ್ಯಾಹ್ನವೇ ಮುಗಿದುಹೋಗಬಹುದು. ಹಣ್ಣಿನ ಸುಳಿವೇ ಇಲ್ಲ. ಎದುರಿನ ಬಂಡಿಯಲ್ಲಿ ಪೇರಲ ಕೊಳ್ಳುತ್ತೇನೆ. ಬೇಸಿಗೆಯಲ್ಲಿ ಒಲೆಯ ಝಳ ಊಟದ ಕೋಣೆಗೂ ಬಡಿಯುವುದರಿಂದ ಕಿಟಕಿಯ ಕಡೆಯ ಬೆಂಚು ಹಿಡಿಯುವುದು ಒಳ್ಳೆಯದು.

ಬಿಡಿ ಊಟಕ್ಕೆ 80 ರೂಪಾಯಿ, ಅರವತ್ತು ಕೂಪನ್‌ಗಳ ಪುಸ್ತಕಕ್ಕೆ 4,200. ಭಾನುವಾರ ರಾತ್ರಿ ಬಾಗಿಲು ಹಾಕಿರುತ್ತದೆ. ಅಮಾವಾಸ್ಯೆಯ ದಿನ ಹೋಳಿಗೆ ಇರುತ್ತದೆ, ಕೇಳದಿದ್ದರೂ ಮೇಲೆ ತುಪ್ಪ ಸುರಿಯುತ್ತಾರೆ. ಆ ದಿನ ನಾನು ಒಂದೇ ರೊಟ್ಟಿ ಹಾಕಿಸಿಕೊಂಡು ಹೋಳಿಗೆಗೆ ಜಾಗ ಉಳಿಸಿಕೊಳ್ಳುತ್ತೇನೆ. ಫ್ಲೆಕ್ಸ್‌ನಲ್ಲಿ ‘ಕ್ಯಾಲೊರಿ ಕಡಿಮೆ’ ಎಂಬುದನ್ನು ತೆಗೆದು ‘ಬಿಸಿ ರೊಟ್ಟಿ, ಸ್ವಲ್ಪ ಕಾಯಬೇಕು’ ಎಂದು ಬರೆಸಿರೆಂದು ಮಾಲೀಕರಿಗೆ ಹೇಳಿದೆ. ಹಾಗೆ ಬರೆದರೆ ಯಾರು ಬರುತ್ತಾರ್ರೀ ಎಂದು ನಕ್ಕರು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಹದಿನೈದು ಜನ ನಿಂತಿದ್ದರು.