ಚೌಬಾರಾ ಹತ್ತಿರದ ಕಾಗದದ ಅಂಗಡಿ ಮತ್ತು ನನ್ನ 175 ರೂಪಾಯಿಯ ಕ್ವಿಲಿಂಗ್

ಬಟ್ಟೆ ಕತ್ತರಿಯಿಂದ ಕಾಗದ ಕತ್ತರಿಸಬಾರದು. ಹೊಲಿಗೆ ಮಾಡುವವರ ಮನೆಯಲ್ಲಿ ಇದು ಮೊದಲ ಪಾಠ. ಕಾಗದ ಕತ್ತರಿಸಿದರೆ ಕತ್ತರಿಯ ಬಾಯಿ ಮೊಂಡಾಗುತ್ತದೆ, ಆಮೇಲೆ ಸಾಟಿನ್ ಬಟ್ಟೆಯ ಮೇಲೆ ಓಡುವುದೇ ಇಲ್ಲ. ಬೀದರ್‌ನ ಹಳೇ ಊರಿನಲ್ಲಿ 18 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕಾಗದಕ್ಕೆ ಅಂತಲೇ ಬೇರೆ ಕತ್ತರಿ ತಂದಿದ್ದು ಹೋದ ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಹೊಲಿಗೆ ಕಡಿಮೆ. ಸಂಜೆಯಾದರೆ ಕೈ ಏನಾದರೂ ಕೇಳುತ್ತಿತ್ತು.

ಮಗಳು ಮೊಬೈಲ್‌ನಲ್ಲಿ ಕ್ವಿಲಿಂಗ್ ತೋರಿಸಿದಳು. ತೆಳ್ಳನೆಯ ಕಾಗದದ ಪಟ್ಟಿ ಸುರುಳಿ ಸುತ್ತಿ, ಚಿವುಟಿ, ಹೂವು ಎಲೆ ಮಾಡುವ ಕೆಲಸ ಅದು. ಹಿಂದೆ ಯುರೋಪಿನಲ್ಲಿ ಹಕ್ಕಿಯ ಗರಿಯ ದಂಟಿಗೆ ಪಟ್ಟಿ ಸುತ್ತುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಆ ಗರಿಗೆ ಕ್ವಿಲ್ ಅನ್ನುತ್ತಾರೆ, ಹೆಸರು ಅಲ್ಲಿಂದ ಬಂತು. ನೋಡಿದ ರಾತ್ರಿಯೇ ಆನ್‌ಲೈನ್‌ನಲ್ಲಿ 649 ರೂಪಾಯಿಯ ಕಿಟ್ ತರಿಸಿದೆ. ಡಬ್ಬಿ ಚೆಂದ ಇತ್ತು. ಒಳಗಿನ ಪಟ್ಟಿ ಎಷ್ಟು ತೆಳು ಅಂದರೆ ಸುರುಳಿ ನಿಲ್ಲುತ್ತಲೇ ಇರಲಿಲ್ಲ, ಕುಸಿದು ಬೀಳುತ್ತಿತ್ತು. ಸುತ್ತುವ ಸೂಜಿಯ ಸೀಳು ಅಗಲವಾಗಿತ್ತು, ಹಾಗಾಗಿ ಪ್ರತಿ ಹೂವಿನ ನಡುವೆ ದೊಡ್ಡ ತೂತು. ಗೋಂದು ಬಾಟಲಿಯಲ್ಲೇ ಗಟ್ಟಿಯಾಗಿತ್ತು. ವಾಪಸ್ ಕಳಿಸೋಣ ಅನ್ನುವಷ್ಟರಲ್ಲಿ ದಿನ ಮೀರಿತ್ತು. ನನಗೆ ನಿಜವಾಗಿ ಬೇಜಾರಾಯಿತು. ಎರಡು ಬ್ಲೌಸಿನ ಕೂಲಿ ಅದು.

ಆಮೇಲೆ ಸಿಕ್ಕಿದ್ದು ಈ ಅಂಗಡಿ. ಹಳೇ ಊರಿನ ನಡುವೆ ಇರುವ ಕಾವಲು ಗೋಪುರ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾ ಕಡೆ ನಡೆಯುತ್ತಾ ಹೋದರೆ ಎಡಗಡೆಯ ಗಲ್ಲಿಯೊಳಗಿದೆ. ಹೊರಗೆ ಶಾಲೆಯ ನೋಟ್‌ಬುಕ್, ಜಾಮಿಟ್ರಿ ಬಾಕ್ಸ್ ತೂಗು ಹಾಕಿರುತ್ತಾರೆ. ಒಳಗೆ ನಾಲ್ಕು ಹೆಜ್ಜೆ ಹೋದರೆ ಮೂರು ಗೋಡೆಗೂ ಕಾಗದ. ಚಾರ್ಟ್ ಪೇಪರ್, ಕ್ರೇಪ್, ಗಾಳಿಪಟದ ಕಾಗದ, ಬೆಳ್ಳಿ ಬಂಗಾರದ ಹೊಳಪಿನ ಶೀಟು. ಮಾಲೀಕರಿಗೆ ಎಪ್ಪತ್ತರ ಹತ್ತಿರ ಇರಬಹುದು. ಎಲ್ಲರೂ ಚಾಚಾ ಅನ್ನುತ್ತೇವೆ.

ನಾನು ಅಲ್ಲೂ ದೊಡ್ಡ ಪ್ಯಾಕೆಟ್ಟಿಗೇ ಕೈ ಹಾಕಿದೆ. ಚಾಚಾ ಅದನ್ನು ತೆಗೆದು ಪಕ್ಕಕ್ಕಿಟ್ಟರು. “ಇಷ್ಟೆಲ್ಲಾ ಬ್ಯಾಡ ಬೇಟಿ. ಮೊದ್ಲು ಎರಡ ಬಣ್ಣ ತೊಗೊ. ಕೈ ಕುದುರ್ಲಿ, ಆಮ್ಯಾಲ ಬಾ” ಅಂದರು. ಹಾಗೆ ಹೇಳುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ?

ಅವತ್ತಿನ ಲೆಕ್ಕ ಇನ್ನೂ ನನ್ನ ಅಳತೆ ಪುಸ್ತಕದಲ್ಲಿದೆ. 3 ಮಿಲಿಮೀಟರ್ ಅಗಲದ ಬಿಳಿ ಪಟ್ಟಿ ಒಂದು ಕಟ್ಟು 40. ಬೆಳ್ಳಿ ಅಂಚಿನ ಪಟ್ಟಿ 60. ಸೀಳು ಸೂಜಿ 35. ದಪ್ಪ ಕಪ್ಪು ಕಾರ್ಡ್ ಶೀಟ್ ಎರಡು, 20. ಫೆವಿಕಾಲ್ ಸಣ್ಣ ಬಾಟಲಿ 20. ಒಟ್ಟು 175 ರೂಪಾಯಿ. ಅದರಲ್ಲಿ ಸೂಜಿ ಇವತ್ತಿಗೂ ಅದೇ, ಬೆಳ್ಳಿ ಪಟ್ಟಿ ನಾಲ್ಕು ತಿಂಗಳು ಬಂತು.

ಈ ಅಂಗಡಿಯ ದೊಡ್ಡ ಗುಣ ಅಂದರೆ ಒಂದೇ ಒಂದು ಶೀಟ್ ಕೇಳಿದರೂ ಕೊಡುತ್ತಾರೆ. ಕೊಡುವ ಮುಂಚೆ ಮುಟ್ಟಿ ನೋಡಲು ಬಿಡುತ್ತಾರೆ. ಕಾಗದ ಮುಟ್ಟದೆ ಕೊಳ್ಳುವುದು ಬಟ್ಟೆ ಮುಟ್ಟದೆ ಕೊಂಡ ಹಾಗೆ. ಶೀಟಿನ ಮೇಲೆ ಜಿಎಸ್‌ಎಂ ಅಂತ ಬರೆದಿರುತ್ತದಲ್ಲ, ಅದು ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂನ ಒಂದು ಜೆರಾಕ್ಸ್ ಹಾಳೆ 5 ಗ್ರಾಂ ತೂಗುತ್ತದೆ. ಸುರುಳಿ ಸುತ್ತಲು 100ರ ಆಸುಪಾಸು ಇದ್ದರೆ ಸಾಕು. ಕೆಳಗೆ ಅಂಟಿಸುವ ಹಾಳೆ ಮಾತ್ರ 250ಕ್ಕಿಂತ ಕಡಿಮೆ ಬೇಡ. ತೆಳು ಹಾಳೆ ಗೋಂದಿನ ಹಸಿಗೆ ಸೊಟ್ಟಗಾಗುತ್ತದೆ. ನನ್ನ ಮೊದಲ ಎರಡು ಕಾರ್ಡು ಹಾಗೇ ಹಾಳಾದವು.

ಇನ್ನೊಂದು ವಿಷಯ ನನಗೆ ತುಂಬಾ ಖುಷಿ ಕೊಟ್ಟಿತು. ಬಟ್ಟೆಗೆ ಉದ್ದ ಎಳೆ, ಅಡ್ಡ ಎಳೆ ಇರುತ್ತದೆ ಅಲ್ವಾ? ಕಾಗದಕ್ಕೂ ಇದೆ! ಮಿಷಿನ್ ಓಡುವ ದಿಕ್ಕಿಗೆ ನಾರುಗಳು ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ಕಡೆ ಸುಲಭವಾಗಿ ಬಗ್ಗುತ್ತದೆ. ಮಡಿಕೆ ಆ ಕಡೆ ಹಾಕಿದರೆ ಗೆರೆ ನೀಟಾಗಿ ಬರುತ್ತದೆ. ಎಳೆಗೆ ಎದುರಾಗಿ ಮಡಚಿದರೆ ದಪ್ಪ ಕಾರ್ಡು ಬಿರುಕು ಬಿಡುತ್ತದೆ. ಪಟ್ಟಿ ಮುಗಿದಾಗ ಜೆರಾಕ್ಸ್ ಹಾಳೆಯಿಂದ ನಾನೇ ಕತ್ತರಿಸಿ ನೋಡಿದೆ. ಹಾಳೆಯ ಉದ್ದಕ್ಕೆ ಕತ್ತರಿಸಿದ್ದು ಬಿಗುವಾಗಿತ್ತು, ಅಡ್ಡಕ್ಕೆ ಕತ್ತರಿಸಿದ್ದು ಬೆಣ್ಣೆಯ ಹಾಗೆ ಸುತ್ತಿಕೊಂಡಿತು. ಇದನ್ನು ಚಾಚಾಗೆ ಹೇಳಿದಾಗ ಅವರು ಕಟ್ಟಿನಿಂದ ಇನ್ನೊಂದು ಹಾಳೆ ಎಳೆದು ಅಲ್ಲೇ ಬಗ್ಗಿಸಿ ನೋಡಿದರು.

ಮಾಡುವ ಕ್ರಮ ಸುಲಭ. ಪಟ್ಟಿಯ ತುದಿ ಸೂಜಿಯ ಸೀಳಿಗೆ ಸಿಕ್ಕಿಸಿ ಸುತ್ತಬೇಕು. ಬಿಟ್ಟರೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಆಗ ಅಂಟಿಸಬೇಕು. ಒಂದು ಕಡೆ ಚಿವುಟಿದರೆ ಹನಿ, ಎರಡೂ ಕಡೆ ಚಿವುಟಿದರೆ ಕಣ್ಣಿನ ಆಕಾರ. ಈ ಎರಡರಲ್ಲೇ ಅರ್ಧ ಹೂದೋಟ ಆಗುತ್ತದೆ. ಪಟ್ಟಿಯ ಕೊನೆಯನ್ನು ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಹರಿದ ಅಂಚು ತೆಳುವಾಗಿ ಕೂತು ಜೋಡಣೆ ಕಾಣುವುದಿಲ್ಲ. ಗೋಂದು ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಸಾಕು. ಫ್ಯಾನ್ ಮಾತ್ರ ಬಂದ್ ಮಾಡಿ ಕೂರಬೇಕು. ಏಪ್ರಿಲ್, ಮೇನಲ್ಲಿ ಇದು ಕಷ್ಟ. ನಾನು ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಕೂತು ಮಾಡುತ್ತೇನೆ.

ಕಪ್ಪು ಕಾರ್ಡು, ಬೆಳ್ಳಿ ಅಂಚಿನ ಪಟ್ಟಿ ಯಾಕೆ ತಂದೆ ಅಂತ ಬೀದರ್‌ನವರಿಗೆ ಹೇಳಬೇಕಾಗಿಲ್ಲ. ನಮ್ಮ ಓಣಿಯಲ್ಲಿ ಬಿದರಿ ಕೆಲಸ ಮಾಡುವವರ ಮನೆ ಇದೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ತಂತಿಯ ಈ ಕೆಲಸಕ್ಕೆ ತಾರಕಶಿ ಅನ್ನುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚಿಕ್ಕಂದಿನಿಂದ ಆ ಟಕ್ ಟಕ್ ಶಬ್ದ ಕೇಳಿದ್ದೇನೆ. ಅಂಥ ತಟ್ಟೆ ಕೊಳ್ಳುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ಆ ತಟ್ಟೆಯ ಮೇಲಿನ ಬೆಳ್ಳಿ ಬಳ್ಳಿಯನ್ನು ಕಾಗದದಲ್ಲಿ ಹಾಸೋಣ ಅನ್ನಿಸಿತು.

ಮೂರು ಸಂಜೆ ಹಿಡಿಯಿತು. 22 ಎಲೆ, ಏಳು ಹೂವು, ಸುತ್ತ ಒಂದು ಬಳ್ಳಿ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸುವುದರಿಂದ ಬೆಳ್ಳಿ ಗೆರೆ ಮಾತ್ರ ಮೇಲೆ ಕಾಣುತ್ತದೆ. ದೀಪದ ಹತ್ತಿರ ಹಿಡಿದರೆ ಕಪ್ಪಿನ ಮೇಲೆ ಬೆಳ್ಳಿ ಮಿಂಚುತ್ತದೆ. ಓಣಿಯ ಬಿದರಿ ಕೆಲಸದ ಅಣ್ಣನಿಗೆ ತೋರಿಸಿದೆ. ಅವರು ಬೆರಳಿನಿಂದ ಬಳ್ಳಿಯ ತಿರುವು ಸವರಿ, “ಅಕ್ಕಾ, ಇಲ್ಲಿ ತಿರುವು ಮುರದದ. ಬಳ್ಳಿ ನೀರಿನಂಗ ಹೋಗಬೇಕ್ರಿ” ಅಂದರು. ಅವರು ಹೇಳಿದ್ದು ಸರಿ. ಆ ತಿರುವನ್ನು ಕಿತ್ತು ಮತ್ತೆ ಮಾಡಿದೆ. ಈಗ ಅದು ಹೊಲಿಗೆ ಮಿಷಿನ್ ಮೇಲಿನ ಗೋಡೆಯಲ್ಲಿದೆ.

ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. 5 ಮಿಲಿಮೀಟರ್ ಪಟ್ಟಿ ಬಹಳ ಸಲ ಇರುವುದಿಲ್ಲ. ಬಾಗಿಲ ಹತ್ತಿರದ ಶೀಟುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತವೆ. ಗುಲಾಬಿ ಬಣ್ಣ ಕೊಳ್ಳುವಾಗ ಒಳಗಿನ ಕಟ್ಟಿನಿಂದಲೇ ಕೇಳಿ. ಯಾವುದಕ್ಕೂ ಬೆಲೆ ಬರೆದಿಲ್ಲ, ಒಂದೊಂದನ್ನೂ ಕೇಳಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಂದ್ ಇರುತ್ತದೆ, ಮೂರರ ಮೇಲೆ ಹೋಗಿ. ಶಾಲೆ ಶುರುವಾಗುವ ಜೂನ್‌ನಲ್ಲಿ ಒಳಗೆ ಕಾಲಿಡಲು ಜಾಗ ಇರುವುದಿಲ್ಲ, ಆಗ ಕಾಗದ ಮುಟ್ಟಿ ನೋಡುವಷ್ಟು ಪುರಸೊತ್ತು ಅವರಿಗೂ ಇಲ್ಲ, ನಮಗೂ ಇಲ್ಲ.

ಈಗ ಉಳಿದ ತುಂಡು ಪಟ್ಟಿಯಲ್ಲಿ ಮುಯ್ಯಿ ಕವರಿಗೆ ಹೂವು ಅಂಟಿಸುತ್ತೇನೆ. ಹೊಲಿದ ಬ್ಲೌಸಿನ ಚೀಲಕ್ಕೆ ಹೆಸರಿನ ಚೀಟಿ ಕಟ್ಟುವಾಗ ಅದರ ಮೂಲೆಯಲ್ಲಿ ಒಂದು ಸಣ್ಣ ಹನಿ ಹೂವು ಇಡುತ್ತೇನೆ. ಒಬ್ಬ ಗಿರಾಕಿ ಆ ಚೀಟಿಗಳನ್ನೆಲ್ಲ ಅಲ್ಮೇರಾ ಬಾಗಿಲ ಒಳಗೆ ಅಂಟಿಸಿಕೊಂಡಿದ್ದಾರಂತೆ. ಮುಂದಿನ ವಾರ ಚಾಚಾ ಹತ್ತಿರ ನೀಲಿ ತರಬೇಕು. ಮದರಸಾದ ಗೋಡೆಯಲ್ಲಿ 1472ರ ಕಾಲದ ಹೆಂಚಿನ ನೀಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದೇ ನೀಲಿ ಬೇಕು, ಎರಡು ಕಟ್ಟು ತೆಗೆದಿಡಿ ಅಂತ ಹೇಳಿ ಬಂದಿದ್ದೇನೆ.